ಟಸ್ಕೀಗಿಯ ಧರ್ಮದರ್ಶಿ



ಹೋದ ಅಮಾವಾಸ್ಯೆಯ ದಿನ ಸಮೀಪದ ಹಳ್ಳಿಯ ಭಕ್ತರೊಬ್ಬರು ಶ್ರೀಮಠಕ್ಕೆ ಬಂದಿದ್ದರು. ಒಕ್ಕಲುತನದ ಮನುಷ್ಯ, ಓದು ನಾಲ್ಕನೆಯ ಇಯತ್ತೆಗೆ ನಿಂತದ್ದು. ಅವರೂರಿನ ವಿದ್ಯಾಸಂಸ್ಥೆಯವರು ಅವರನ್ನು ಧರ್ಮದರ್ಶಿ ಮಂಡಳಿಗೆ ಆರಿಸಿದ್ದರು. ನಮಸ್ಕಾರ ಮಾಡಿ ಕುಳಿತು ಕೇಳಿದರು: “ಅಪ್ಪಾವರ, ಅಲ್ಲಿ ಕಲಸಾಕ ಮಾಸ್ತರರು ಅದಾರ, ನಡಸಾಕ ಪ್ರಿನ್ಸಿಪಾಲರು ಅದಾರ. ಸಹಿ ಮಾಡೂದು ಬಿಟ್ಟರ ನನ್ನ ಕೆಲಸ ಏನೈತ್ರಿ ಅಲ್ಲಿ?” ನಾವು ಆಗ ಉತ್ತರ ಕೊಡಲಿಲ್ಲ. ಥಟ್ಟನೆ ಕೊಟ್ಟಿದ್ದರೆ ಅದು ಬರಿಯ ಬಾಯಿಮಾತಾಗುತ್ತಿತ್ತು. ಈ ಪ್ರಶ್ನೆಯನ್ನೇ ಇಪ್ಪತ್ತು ವರ್ಷ ಬಾಳಿ ತೋರಿಸಿದ ಒಬ್ಬ ಗೃಹಸ್ಥನ ಚರಿತ್ರೆಯನ್ನು ನಾವು ಹಿಂದೆ ಓದಿದ್ದೆವು. ಅದನ್ನೇ ಇಂದು ಹೇಳಬೇಕೆಂದು ಮನಸ್ಸಾಗಿದೆ. ಆತ ನಮ್ಮ ದೇಶದವನಲ್ಲ, ನಮ್ಮ ಮತದವನಲ್ಲ. ಅಮೇರಿಕಾದ ಯಹೂದಿ, ವ್ಯಾಪಾರಿ. ಹೆಸರು ಜೂಲಿಯಸ್ ರೋಸೆನ್‌ವಾಲ್ಡ್.

ಮೊದಲು ಶಬ್ದವನ್ನು ನೋಡೋಣ. ನಾವು ಪಾಠಶಾಲೆಯಲ್ಲಿ ಓದಿದವರು, ಶಬ್ದ ಸಿಕ್ಕರೆ ಬಿಡಿಸದೆ ಇರಲಾರೆವು. ಇಂಗ್ಲಿಷಿನಲ್ಲಿ ಟ್ರಸ್ಟ್ ಎನ್ನುವುದಕ್ಕೆ ಸಂಸ್ಕೃತದಲ್ಲಿ ನ್ಯಾಸ ಎಂಬ ಪದವುಂಟು. ಇಡುವುದು, ಒಬ್ಬರ ಕೈಯಲ್ಲಿ ನಂಬಿ ಇಟ್ಟದ್ದು ಎಂದು ಅದರ ಅರ್ಥ. ಇಟ್ಟುಕೊಂಡವನು ಒಡೆಯನಲ್ಲ; ಕೇಳಿದಾಗ ಕಡಿಮೆಯಾಗದಂತೆ ಹಿಂದಿರುಗಿಸಬೇಕಾದವನು. ಕನ್ನಡದ ರೂಢಿಯಲ್ಲಿ ಅವನಿಗೆ ಧರ್ಮದರ್ಶಿ ಎಂದರು, ಧರ್ಮವನ್ನು ನೋಡುವವನು ಎಂದು. ಹೆಸರೇನೋ ಬಹಳ ದೊಡ್ಡದಾಯಿತು. ನೋಡುವುದರ ಬದಲು ತೋರಿಸಿಕೊಳ್ಳುವವರೇ ಹೆಚ್ಚಾದರು ಎಂಬುದು ಬೇರೆ ಮಾತು. ನಾವು ಓದುತ್ತಿದ್ದ ಕಾಲದಲ್ಲಿ ಒಂದು ಸಂಸ್ಥೆಯ ಬಾವಿಯ ರಾಟೆಯ ಮೇಲೂ ಒಬ್ಬ ಮಹನೀಯರು ತಮ್ಮ ಹೆಸರು ಕೊರೆಯಿಸಿದ್ದರು. ಹುಡುಗರು ನೀರು ಸೇದುವಾಗಲೆಲ್ಲ ಆ ಹೆಸರು ಕಿರ್ರೆಂದು ಕೂಗುತ್ತಿತ್ತು. ಎಣ್ಣೆ ಹಾಕಿಸುವುದನ್ನು ಮಾತ್ರ ಅವರು ಮರೆತಿದ್ದರು.

ಈಗ ಚರಿತ್ರೆಗೆ ಬರೋಣ. ಅಮೇರಿಕಾದ ದಕ್ಷಿಣ ಭಾಗದಲ್ಲಿ ಅಲಬಾಮಾ ಎಂಬ ರಾಜ್ಯ. ಹತ್ತಿಯ ಸೀಮೆ. ಆಫ್ರಿಕಾದಿಂದ ಹಿಡಿದು ತಂದ ಕಪ್ಪು ಜನರ ಸಂತತಿಯನ್ನು ಅಲ್ಲಿ ತಲೆತಲಾಂತರ ಗುಲಾಮರನ್ನಾಗಿ ಇಟ್ಟು ಹೊಲ ಗೇಯಿಸುತ್ತಿದ್ದರು. ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ಅಪರಾಧವೆಂದು ಅಲ್ಲಿ ಕಾನೂನು ಮಾಡಿದ್ದರು. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋಯಿತು. ಬಡತನವಾಗಲಿ ತಿರಸ್ಕಾರವಾಗಲಿ ಹೋಗಲಿಲ್ಲ. ಆ ರಾಜ್ಯದ ಟಸ್ಕೀಗಿ ಎಂಬ ಸಣ್ಣ ಊರಿನಲ್ಲಿ ಲೂಯಿಸ್ ಆಡಮ್ಸ್ ಎಂಬವನಿದ್ದ. ಹುಟ್ಟಿನಿಂದ ಗುಲಾಮ. ಆ ಸ್ಥಿತಿಯಲ್ಲಿಯೇ ಚಮ್ಮಾರಿಕೆ, ತಗಡಿನ ಕೆಲಸ, ಕುದುರೆಯ ಸರಂಜಾಮು ಮಾಡುವುದು, ಈ ಮೂರೂ ಕಸಬು ಕಲಿತಿದ್ದ. 1880ರ ಚುನಾವಣೆಯಲ್ಲಿ ಒಬ್ಬ ಬಿಳಿಯ ಅಭ್ಯರ್ಥಿ ಕಪ್ಪು ಜನರ ಮತ ಬೇಕೆಂದು ಇವನ ಬಳಿಗೆ ಬಂದ. ಆಡಮ್ಸ್ ತನಗೆಂದು ಏನನ್ನೂ ಬೇಡಲಿಲ್ಲ. ನಮ್ಮ ಮಕ್ಕಳಿಗೆ ಒಂದು ಶಾಲೆ ಕೊಡಿಸಿ ಎಂದ. ಅದರಿಂದ 1881ರಲ್ಲಿ ರಾಜ್ಯದ ಶಾಸನಸಭೆ ವರ್ಷಕ್ಕೆ 2,000 ಡಾಲರ್ ಮಂಜೂರು ಮಾಡಿತು. ಅದೂ ಶಿಕ್ಷಕರ ಸಂಬಳಕ್ಕೆ ಮಾತ್ರ. ಭೂಮಿಗೆ, ಕಟ್ಟಡಕ್ಕೆ ಕಾಸೂ ಇಲ್ಲ.

ಶಾಲೆಯ ಮೊದಲ ಮೇಲ್ವಿಚಾರಕರಲ್ಲಿ ಆಡಮ್ಸ್ ಒಬ್ಬ. ಇನ್ನೊಬ್ಬ ಜಾರ್ಜ್ ಕ್ಯಾಂಪ್‌ಬೆಲ್ ಎಂಬ ಬಿಳಿಯ ವರ್ತಕ, ಹಿಂದೆ ಗುಲಾಮರನ್ನು ಇಟ್ಟುಕೊಂಡಿದ್ದವನು. ಗುಲಾಮನಾಗಿದ್ದವನೂ ಗುಲಾಮರ ಒಡೆಯನಾಗಿದ್ದವನೂ ಒಂದೇ ಮೇಜಿನ ಎರಡು ಬದಿಗೆ ಕುಳಿತು ಶಾಲೆಯೊಂದರ ಲೆಕ್ಕ ನೋಡಿದರು. ಅವರು ವರ್ಜೀನಿಯಾದ ಹ್ಯಾಂಪ್ಟನ್ ವಿದ್ಯಾಲಯಕ್ಕೆ ಬರೆದು ಒಬ್ಬ ಬಿಳಿಯ ಶಿಕ್ಷಕನನ್ನು ಕೇಳಿದರು. ಅಲ್ಲಿನ ಮುಖ್ಯಸ್ಥ ಜನರಲ್ ಆರ್ಮ್‌ಸ್ಟ್ರಾಂಗ್, ಬಿಳಿಯರು ಯಾರೂ ಇಲ್ಲ, ಆದರೆ ಇಲ್ಲೊಬ್ಬ ಕಪ್ಪು ತರುಣನಿದ್ದಾನೆ ಎಂದು ಮರುಬರೆದರು. ಆತನೇ ಬುಕರ್ ಟಿ. ವಾಷಿಂಗ್ಟನ್. ಗುಲಾಮನಾಗಿ ಹುಟ್ಟಿ, ಉಪ್ಪಿನ ಭಟ್ಟಿಯಲ್ಲಿಯೂ ಕಲ್ಲಿದ್ದಲ ಗಣಿಯಲ್ಲಿಯೂ ದುಡಿದು, ಹ್ಯಾಂಪ್ಟನ್ನಿನಲ್ಲಿ ಕಸ ಗುಡಿಸಿ ಓದಿದವನು. ವಯಸ್ಸು ಇಪ್ಪತ್ತೈದು.

1881ರ ಜುಲೈ 4ರಂದು ಮೂವತ್ತು ಜನ ವಿದ್ಯಾರ್ಥಿಗಳೊಡನೆ ಒಂದು ಮುರುಕು ಗುಡಿಸಲಿನಲ್ಲಿ ಪಾಠ ಆರಂಭವಾಯಿತು. ಮಳೆ ಬಂದರೆ ಒಬ್ಬ ಹುಡುಗ ಎದ್ದು ಬಂದು ಗುರುವಿನ ತಲೆಯ ಮೇಲೆ ಕೊಡೆ ಹಿಡಿಯಬೇಕಾಗಿತ್ತು. ಸುಟ್ಟುಹೋದ ಬಂಗಲೆಯೊಂದರ ಹಳೆಯ ತೋಟ, ನೂರು ಎಕರೆ, 500 ಡಾಲರಿಗೆ ಸಿಕ್ಕುವಂತಿತ್ತು. ಅರ್ಧ ಹಣ ಮುಂಗಡ ಕೊಡಬೇಕು. ಹ್ಯಾಂಪ್ಟನ್ನಿನ ಖಜಾಂಚಿ ಮಾರ್ಷಲ್ ಎಂಬವರು ತಮ್ಮ ಸ್ವಂತ ಗಂಟಿನಿಂದ 250 ಡಾಲರ್ ಸಾಲ ಕೊಟ್ಟರು. ಊರ ಜನ ತಮ್ಮ ಕೈಲಾದದ್ದನ್ನು ತಂದರು. ಗುಲಾಮಗಿರಿಯಲ್ಲೇ ಆಯುಷ್ಯ ಸವೆಸಿದ ಎಪ್ಪತ್ತರ ಹರೆಯದ ಮುದುಕಿಯೊಬ್ಬಳು ಚಿಂದಿ ಬಟ್ಟೆ ಉಟ್ಟು, ಕೋಲೂರಿಕೊಂಡು ಬಂದು ಆರು ಮೊಟ್ಟೆ ಇಟ್ಟು ಹೋದಳು. ಆಮೇಲೆ ಎಷ್ಟೋ ದಾನಗಳು ಬಂದವು, ಆದರೆ ಅದರಷ್ಟು ತನ್ನ ಎದೆಗೆ ನಾಟಿದ್ದು ಬೇರೊಂದಿಲ್ಲವೆಂದು ವಾಷಿಂಗ್ಟನ್ ಬರೆದುಕೊಂಡಿದ್ದಾನೆ.

ಆ ವಿದ್ಯಾಲಯದ ರೀತಿಯೇ ಬೇರೆ. ಪುಸ್ತಕದ ಜೊತೆಗೆ ಪ್ರತಿಯೊಬ್ಬನೂ ಒಂದು ಕಸಬು ಕಲಿಯಬೇಕು. ಬೆಳಿಗ್ಗೆ ಪಾಠವಾದರೆ ಮಧ್ಯಾಹ್ನ ಕಾಡು ಕಡಿಯುವುದು. ಓದಲು ಬಂದ ತರುಣರು ಮುಖ ಸಿಂಡರಿಸಿದರು. ತಮ್ಮ ತಂದೆತಾಯಿಗಳು ಚಾಟಿಯ ಕೆಳಗೆ ಮಾಡಿದ ಕೆಲಸವನ್ನೇ ಮಾಡಲು ವಿದ್ಯೆ ಏಕೆ ಎಂದರು. ಅದು ಸುಳ್ಳು ಪ್ರಶ್ನೆಯಲ್ಲ. ವಾಷಿಂಗ್ಟನ್ ಮಾತಾಡದೆ ಕೊಡಲಿ ಹೆಗಲಿಗೇರಿಸಿ ತಾನೇ ಮುಂದೆ ನಡೆದ. ಕಟ್ಟಡಕ್ಕೆ ಇಟ್ಟಿಗೆ ಬೇಕು; ಊರಲ್ಲಿ ಇಟ್ಟಿಗೆಯ ಭಟ್ಟಿ ಇಲ್ಲ. ನಾವೇ ಸುಡೋಣ ಎಂದರು. ಮೊದಲ ಭಟ್ಟಿ ಕೆಟ್ಟಿತು. ಎರಡನೆಯದೂ ಕೆಟ್ಟಿತು. ಮೂರನೆಯದು ಸುಡುತ್ತ ಸುಡುತ್ತ ಕೊನೆಯ ಗಳಿಗೆಯಲ್ಲಿ ಕುಸಿದುಬಿತ್ತು. ಹಣ ಮುಗಿದಿತ್ತು. ವಾಷಿಂಗ್ಟನ್ ಮಾಂಟ್‌ಗಾಮರಿ ಪಟ್ಟಣಕ್ಕೆ ಹೋಗಿ ತನ್ನ ಗಡಿಯಾರವನ್ನು 15 ಡಾಲರಿಗೆ ಒತ್ತೆಯಿಟ್ಟು ಬಂದು ನಾಲ್ಕನೆಯ ಭಟ್ಟಿ ಹಾಕಿದ. ಅದು ಬೆಂದಿತು. ಗಡಿಯಾರ ಮಾತ್ರ ತಿರುಗಿ ಬರಲಿಲ್ಲ. 1901ರ ಹೊತ್ತಿಗೆ ಅಲ್ಲಿ ಸಣ್ಣವು ದೊಡ್ಡವು ಸೇರಿ 40 ಕಟ್ಟಡಗಳಿದ್ದವು. ನಾಲ್ಕನ್ನು ಬಿಟ್ಟು ಉಳಿದವೆಲ್ಲ ಬಹುಮಟ್ಟಿಗೆ ವಿದ್ಯಾರ್ಥಿಗಳ ಕೈಯಿಂದಲೇ ಎದ್ದವು. ಕಾಯಕವೆಂಬ ಮಾತನ್ನು ದಿನಕ್ಕೆ ನೂರು ಸಲ ಆಡುವ ನಾವು ಈ ಇಟ್ಟಿಗೆಗಳನ್ನು ಒಮ್ಮೆ ನೆನೆಯಬೇಕು. ಗಾಂಧೀಜಿಯವರು ದಕ್ಷಿಣ ಆಫ್ರಿಕಾದಲ್ಲಿದ್ದಾಗ 1903ರಲ್ಲಿಯೇ ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಈ ವಾಷಿಂಗ್ಟನ್ನನ ವಿಷಯ ಬರೆದಿದ್ದರು.

ಇನ್ನು ನಮ್ಮ ಕಥಾನಾಯಕ. ರೋಸೆನ್‌ವಾಲ್ಡ್ ಹುಟ್ಟಿದ್ದು 1862ರ ಆಗಸ್ಟ್ 12ರಂದು, ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ. ಅಬ್ರಹಾಂ ಲಿಂಕನ್ನನ ಊರು ಅದು. ತಂದೆತಾಯಿ ಜರ್ಮನಿಯಿಂದ ವಲಸೆ ಬಂದ ಯಹೂದಿಗಳು, ಬಟ್ಟೆಯ ವ್ಯಾಪಾರ. ಹುಡುಗ ಹೈಸ್ಕೂಲು ಮುಗಿಸಲಿಲ್ಲ. ನ್ಯೂಯಾರ್ಕಿನ ಸೋದರಮಾವಂದಿರ ಅಂಗಡಿಯಲ್ಲಿ ಕೆಲಸ ಕಲಿಯಲು ಹೋದ. 1895ರಲ್ಲಿ ಷಿಕಾಗೋದ ಸಿಯರ್ಸ್ ರೋಬಕ್ ಕಂಪನಿಗೆ ಪಾಲುದಾರನಾಗಿ ಸೇರಿದ. ದೊಡ್ಡದೊಂದು ಬೆಲೆಪಟ್ಟಿಯ ಪುಸ್ತಕ ಅಚ್ಚುಹಾಕಿ ಹಳ್ಳಿಹಳ್ಳಿಗೆ ಕಳಿಸುವುದು, ರೈತರು ಬರೆದು ಕೇಳಿದ ಸಾಮಾನನ್ನು ಅಂಚೆ, ರೈಲಿನ ಮೂಲಕ ಮುಟ್ಟಿಸುವುದು, ಇದು ಅವರ ವ್ಯಾಪಾರ. ಕೆಲವೇ ವರ್ಷಗಳಲ್ಲಿ ಈತ ಕಂಪನಿಯ ಅಧ್ಯಕ್ಷ, ದೇಶದ ಗಣ್ಯ ಶ್ರೀಮಂತರಲ್ಲೊಬ್ಬ.

ಹಣ ಬಂದವರೆಲ್ಲ ಕೊಡುವವರಾಗುವುದಿಲ್ಲ. ಇವನನ್ನು ತಿರುಗಿಸಿದವು ಮೂರು ಸಂಗತಿ ಎಂದು ನಮ್ಮ ಎಣಿಕೆ. ಅವನ ಗುರುವಾದ ರಬ್ಬಿ ಎಮಿಲ್ ಹಿರ್ಷ್ ಎಂಬವರು ಪ್ರತಿ ವಾರವೂ ಧನಿಕರ ಮುಖಕ್ಕೇ ನ್ಯಾಯದ ಮಾತು ಹೇಳುತ್ತಿದ್ದರು. 1908ರಲ್ಲಿ ಇವನ ಹುಟ್ಟೂರಾದ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಬಿಳಿಯರ ಗುಂಪು ಕಪ್ಪು ಜನರ ಮನೆಗಳಿಗೆ ಬೆಂಕಿಯಿಟ್ಟಿತು. ರಷ್ಯಾದಲ್ಲಿ ತನ್ನ ಜನ ಅನುಭವಿಸುತ್ತಿದ್ದುದೂ ಇದೇ ಎಂದು ಇವನಿಗೆ ಕಾಣದೆ ಇರಲಿಲ್ಲ. ಮೂರನೆಯದು ಎರಡು ಪುಸ್ತಕ. 1910ರಲ್ಲಿ ಸ್ನೇಹಿತನೊಬ್ಬ ತಂದುಕೊಟ್ಟದ್ದು. ಒಂದು, ವಾಷಿಂಗ್ಟನ್ನನ ಆತ್ಮಚರಿತ್ರೆ. ಇನ್ನೊಂದು ವಿಲಿಯಂ ಬಾಲ್ಡ್ವಿನ್ ಎಂಬ ರೈಲ್ವೆ ಅಧಿಕಾರಿಯ ಜೀವನಚರಿತ್ರೆ. ಆ ಬಾಲ್ಡ್ವಿನ್ ಟಸ್ಕೀಗಿಯ ಧರ್ಮದರ್ಶಿಯಾಗಿ ದುಡಿದು 1905ರಲ್ಲಿ ತೀರಿಕೊಂಡಿದ್ದ. ಒಬ್ಬ ಧರ್ಮದರ್ಶಿಯ ಬಾಳನ್ನು ಓದಿ ಮತ್ತೊಬ್ಬ ಧರ್ಮದರ್ಶಿ ಹುಟ್ಟಿದ ಉದಾಹರಣೆಯನ್ನು ನಾವು ಬೇರೆ ಕಂಡಿಲ್ಲ. ಮಠಾಧಿಪತಿಗಳ ಚರಿತ್ರೆಗಳೇ ಅಚ್ಚಾಗುವ ನಮ್ಮಲ್ಲಿ ಇಂಥವರ ಚರಿತ್ರೆಯನ್ನೂ ಯಾರಾದರೂ ಬರೆದರೆ ಒಳ್ಳೆಯದು.

1911ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಷಿಕಾಗೋಕ್ಕೆ ಬಂದಾಗ ರೋಸೆನ್‌ವಾಲ್ಡ್ ಬ್ಲ್ಯಾಕ್‌ಸ್ಟೋನ್ ಹೋಟೆಲಿನಲ್ಲಿ ಊರ ಪ್ರಮುಖರನ್ನು ಕರೆದು ಅವರೊಡನೆ ಊಟಕ್ಕೆ ಕೂಡಿಸಿದ. ಕಪ್ಪು ಮನುಷ್ಯನೊಡನೆ ಸಹಪಂಕ್ತಿ ಆ ಕಾಲಕ್ಕೆ ಸಣ್ಣ ಮಾತಲ್ಲ. ನಮ್ಮ ನಾಡಿನ ಪಂಕ್ತಿಗಳ ಚರಿತ್ರೆ ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಹೆಂಡತಿ, ಮಗ, ಗುರು ಹಿರ್ಷ್ ಇವರನ್ನು ಕರೆದುಕೊಂಡು ಟಸ್ಕೀಗಿಗೆ ಹೋದ. ಹುಡುಗರು ಸುಟ್ಟ ಇಟ್ಟಿಗೆ ನೋಡಿದ, ಹುಡುಗಿಯರು ಹೊಲಿದ ಬಟ್ಟೆ ನೋಡಿದ, ಪ್ರಾರ್ಥನಾ ಮಂದಿರದಲ್ಲಿ ಅವರು ಹಾಡಿದ್ದು ಕೇಳಿದ. 1912ರಲ್ಲಿ ಧರ್ಮದರ್ಶಿ ಮಂಡಳಿಯ ಸದಸ್ಯನಾದ. ಅಲ್ಲಿಂದ ಸಾಯುವವರೆಗೆ, ಇಪ್ಪತ್ತು ವರ್ಷ, ಆ ಸ್ಥಾನ ಬಿಡಲಿಲ್ಲ.

ಅವನು ಮಾಡಿದ್ದೇನು? ಮೊದಲನೆಯದಾಗಿ, ಹೋಗಿ ನೋಡಿದ. ಷಿಕಾಗೋದಿಂದ ಟಸ್ಕೀಗಿಗೆ ನೂರಾರು ಮೈಲಿ. ಮತ್ತೆ ಮತ್ತೆ ಹೋದ, ಒಬ್ಬನೇ ಹೋಗಲಿಲ್ಲ. ಸ್ವಂತ ಖರ್ಚಿನಲ್ಲಿ ರೈಲಿನ ಡಬ್ಬಿಯನ್ನೇ ಗೊತ್ತುಮಾಡಿ, ಹಣವುಳ್ಳ ಸ್ನೇಹಿತರನ್ನು ತುಂಬಿಕೊಂಡು ಹೋದ. ಬೇಡುವ ಪತ್ರಕ್ಕಿಂತ ಕಣ್ಣಿನ ಸಾಕ್ಷಿ ಬಲವಾದದ್ದೆಂದು ವ್ಯಾಪಾರಿಗೆ ಗೊತ್ತು. ಮಾರಾಟಕ್ಕೆ ಹೋಗದೆ ಉಳಿದ ಕಂಪನಿಯ ಬೂಟು, ಟೋಪಿಗಳನ್ನು ವಿದ್ಯಾರ್ಥಿಗಳಿಗೆಂದು ಕಳಿಸಿಕೊಟ್ಟ. ಪಾಠದ ಕೋಣೆಯೊಳಗೆ ಮಾತ್ರ ಕೈ ಹಾಕಲಿಲ್ಲ. ಏನು ಕಲಿಸಬೇಕೆಂಬುದನ್ನು ವಾಷಿಂಗ್ಟನ್ನನಿಗೆ ಬಿಟ್ಟ. ತಾನು ಹೈಸ್ಕೂಲು ಮುಗಿಸದವನು ಎಂಬ ಎಚ್ಚರ ಅವನಿಗೆ ಕೊನೆಯವರೆಗೂ ಇತ್ತೆಂದು ನಮಗೆ ತೋರುತ್ತದೆ. ಹೆಚ್ಚು ಓದಿದ ಧರ್ಮದರ್ಶಿಗಳಿಗಿಂತ ಅದು ಅವನಿಗೆ ಉಪಕಾರವನ್ನೇ ಮಾಡಿತು.

1912ರ ಆಗಸ್ಟಿನಲ್ಲಿ ಅವನಿಗೆ ಐವತ್ತು ತುಂಬಿತು. ಹುಟ್ಟುಹಬ್ಬದ ಉತ್ಸವಕ್ಕೆ ಬದಲಾಗಿ ಹಲವು ಸಂಸ್ಥೆಗಳಿಗೆ ದಾನ ಮಾಡಿದ. ಟಸ್ಕೀಗಿಯ ಪಾಲಿಗೆ 25,000 ಡಾಲರ್. ಟಸ್ಕೀಗಿಯಿಂದ ಕವಲೊಡೆದ ಸಣ್ಣ ವಿದ್ಯಾಲಯಗಳಿಗೆ ಅದನ್ನು ಹಂಚಬೇಕೆಂದು ಮಾತು. ಅದರಲ್ಲಿ ಸುಮಾರು 2,800 ಡಾಲರ್ ಉಳಿಯಿತು. ವಾಷಿಂಗ್ಟನ್ ಒಂದು ಕಾಗದ ಬರೆದ: ಸುತ್ತಲಿನ ಹಳ್ಳಿಗಳಲ್ಲಿ ಕಪ್ಪು ಮಕ್ಕಳಿಗೆ ಶಾಲೆಯ ಕಟ್ಟಡವೇ ಇಲ್ಲ, ಉಳಿದ ಹಣದಲ್ಲಿ ಆರು ಶಾಲೆ ಕಟ್ಟಿ ನೋಡೋಣವೇ? ಈ ಆಲೋಚನೆಗೆ ಕ್ಲಿಂಟನ್ ಕ್ಯಾಲೋವೇ ಎಂಬ ಟಸ್ಕೀಗಿಯ ಶಿಕ್ಷಕನ ದುಡಿಮೆಯೂ ಹಿನ್ನೆಲೆಯಾಗಿತ್ತು. ಅವನ ಹೆಸರು ಈಗ ಬಹಳ ಜನಕ್ಕೆ ತಿಳಿಯದು. ರೋಸೆನ್‌ವಾಲ್ಡ್ ಒಪ್ಪಿದ, ಆದರೆ ಪೂರ್ತಿ ಹಣ ತಾನೇ ಕೊಡುವುದಿಲ್ಲ, ಊರವರೂ ಕೂಡಿಸಬೇಕು ಎಂದ.

ಮೊದಲ ಶಾಲೆ ಲೋಚಪೋಕಾ ಎಂಬ ಹಳ್ಳಿಯಲ್ಲಿ 1913ರಲ್ಲಿ ಮುಗಿಯಿತು. ಅದರ ಲೆಕ್ಕ ಉಳಿದುಬಂದಿದೆ, ಕೇಳಿರಿ. ಒಟ್ಟು ಖರ್ಚು 942 ಡಾಲರ್ 50 ಸೆಂಟ್. ರೋಸೆನ್‌ವಾಲ್ಡನದು 300. ಊರ ಬಿಳಿಯರು ಕೊಟ್ಟದ್ದು 360. ಕಪ್ಪು ಜನ ರೊಕ್ಕವಾಗಿ ಕೊಟ್ಟದ್ದು 150, ಮೈದುಡಿಮೆಯಾಗಿ ಕೊಟ್ಟದ್ದು 132 ಡಾಲರ್ 50 ಸೆಂಟ್. ಬೆವರಿಗೂ ಬೆಲೆ ಕಟ್ಟಿ ದಾನದ ಪಟ್ಟಿಯಲ್ಲಿ ಬರೆದರು ಎಂಬುದನ್ನು ಗಮನಿಸಬೇಕು. ನಮ್ಮ ಹಳ್ಳಿಗಳಲ್ಲಿ ಗುಡಿಯ ಜೀರ್ಣೋದ್ಧಾರವಾದಾಗ ಸಾವಿರ ಕೊಟ್ಟವನ ಹೆಸರು ಕಲ್ಲಿನ ಮೇಲೆ ಏರುತ್ತದೆ. ಆರು ತಿಂಗಳು ಕಲ್ಲು ಹೊತ್ತವನ ಹೆಸರು ಎಲ್ಲಿಯೂ ಇರುವುದಿಲ್ಲ.

ಆರು ನೂರಾಯಿತು, ನೂರು ಸಾವಿರವಾಯಿತು. ಹಳ್ಳಿಯ ರೈತರು ಹೊಲದ ಒಂದು ತುಂಡಿನಲ್ಲಿ ಶಾಲೆಗೆಂದೇ ಹತ್ತಿ ಬಿತ್ತಿ ಅದರ ಹಣ ತಂದರು. ಹೆಂಗಸರು ಕೋಳಿ ಮಾರಿದರು, ಅಡಿಗೆ ಮಾಡಿ ಮಾರಿದರು. ಅಲಬಾಮಾದ ಬೋಲಿಗೀ ಎಂಬಲ್ಲಿ ನಡೆದ ಸಭೆಯೊಂದರ ವೃತ್ತಾಂತ ದಾಖಲೆಯಲ್ಲಿದೆ. ಗುಲಾಮಗಿರಿಯನ್ನು ಕಂಡಿದ್ದ ಒಬ್ಬ ಮುದುಕ ಎದ್ದು ಬಂದು, ಜಿಡ್ಡುಗಟ್ಟಿದ ಚೀಲವೊಂದನ್ನು ಮೇಜಿನ ಮೇಲೆ ಸುರಿದ. ಚಿಲ್ಲರೆ ಕಾಸುಗಳು. ಎಣಿಸಿದರೆ 38 ಡಾಲರ್. ಅವನ ಜೀವಮಾನದ ಉಳಿತಾಯವೇ ಅಷ್ಟು. ಆರು ಮೊಟ್ಟೆ ತಂದ ಮುದುಕಿಯ ಒಡಹುಟ್ಟಿದವನೇ ಇವನು ಎಂದು ನಮಗೆ ಓದುವಾಗ ಅನಿಸಿತು.

ಆದರೆ ಇದರಲ್ಲಿ ಒಂದು ಅನ್ಯಾಯ ಅಡಗಿದೆ, ಮುಚ್ಚಬಾರದು. ಕಪ್ಪು ಜನ ಸರಕಾರಕ್ಕೆ ತೆರಿಗೆ ಕೊಡುತ್ತಿದ್ದರು. ಆ ತೆರಿಗೆಯ ಹಣ ಬಹುಪಾಲು ಬಿಳಿಯ ಮಕ್ಕಳ ಶಾಲೆಗೆ ಹೋಗುತ್ತಿತ್ತು. ತಮ್ಮ ಮಕ್ಕಳ ಶಾಲೆಗೆ ಅವರು ಎರಡನೆಯ ಸಲ ಗಂಟು ಬಿಚ್ಚಬೇಕಾಯಿತು. ದಾನಿಯು ಇಡುವ ‘ನೀವೂ ಕೂಡಿಸಿ’ ಎಂಬ ಕರಾರು ಉಳ್ಳವರಿಗೆ ಸ್ವಾಭಿಮಾನದ ಪಾಠ. ಕಸಿದುಕೊಳ್ಳಲ್ಪಟ್ಟವರಿಗೆ ಇನ್ನೊಂದು ಸುಂಕ. ಇತಿಹಾಸಕಾರರು ಈ ಆಕ್ಷೇಪ ಎತ್ತಿದ್ದಾರೆ, ಅದು ಸರಿಯಾದದ್ದು. ಕರಾರಿನ ಇನ್ನೊಂದು ಮುಖವನ್ನೂ ಹೇಳಬೇಕು. ಆ ಶಾಲೆಗಳನ್ನು ರಾಜ್ಯ ಸರಕಾರಗಳು ತಮ್ಮವೆಂದು ಒಪ್ಪಿ ಹಣ ಹಾಕಬೇಕೆಂದೂ ಅದರಲ್ಲಿ ಇತ್ತು. ಒಟ್ಟು ಯೋಜನೆಗೆ ಖರ್ಚಾದದ್ದು 2 ಕೋಟಿ 84 ಲಕ್ಷ ಡಾಲರ್. ಅದರಲ್ಲಿ ರೋಸೆನ್‌ವಾಲ್ಡ್ ನಿಧಿಯದು 43 ಲಕ್ಷ, ಕಪ್ಪು ಜನರದು 47 ಲಕ್ಷ, ಸರಕಾರಿ ಬೊಕ್ಕಸದ್ದು 1 ಕೋಟಿ 81 ಲಕ್ಷ. ಹೆಸರು ಬಂದದ್ದು ರೋಸೆನ್‌ವಾಲ್ಡನಿಗೆ. ಅವನಿಗಿಂತ ಹೆಚ್ಚು ಕೊಟ್ಟವರು ಆ ಬಡ ರೈತರು. ಮತ್ತೆ, ಕೊಡಲೊಲ್ಲದ ಸರಕಾರಗಳ ಕೈಯಿಂದ ಅಷ್ಟು ಹಣ ಹೊರಡಿಸಿದ್ದು ಆ ಕರಾರೇ. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ 4,977 ಶಾಲೆ, 217 ಶಿಕ್ಷಕರ ಮನೆ, 163 ಕಸಬಿನ ಶಾಲೆ, ಒಟ್ಟು 5,357 ಕಟ್ಟಡಗಳು ಎದ್ದವು. ಮಾಯಾ ಏಂಜೆಲೋ ಎಂಬ ಕವಯಿತ್ರಿ, ನಾಗರಿಕ ಹಕ್ಕುಗಳಿಗಾಗಿ ಹೋರಾಡಿದ ಜಾನ್ ಲೂಯಿಸ್ ಅಂಥವರು ಈ ಶಾಲೆಗಳಲ್ಲಿ ಓದಿದವರು.

ಟಸ್ಕೀಗಿಗೆ ಹಿಂದಿರುಗೋಣ. 1915ರ ನವೆಂಬರ್ 14ರಂದು ವಾಷಿಂಗ್ಟನ್ ತೀರಿಕೊಂಡ. ವಯಸ್ಸು ಐವತ್ತೊಂಬತ್ತು, ದುಡಿಮೆಯಿಂದ ದೇಹ ಸವೆದುಹೋಗಿತ್ತು. ಸಂಸ್ಥೆ ಎಂದರೆ ಅವನೇ ಎಂಬಂತಾಗಿತ್ತು. ಮುಂದೆ ಯಾರು? ಸ್ಥಾಪಕ ಹೋದ ಮರುದಿನ ಸಂಸ್ಥೆಯ ನಿಜವಾದ ಪರೀಕ್ಷೆ. ಮಠಗಳ ಚರಿತ್ರೆಯಲ್ಲಿಯೂ ಹಾಗೆಯೇ, ನಾವು ಕಣ್ಣಾರೆ ಕಂಡಿದ್ದೇವೆ. ಹದಿನೆಂಟು ವರ್ಷ ವಾಷಿಂಗ್ಟನ್ನನ ಕಾರ್ಯದರ್ಶಿಯಾಗಿದ್ದ ಎಮೆಟ್ ಸ್ಕಾಟ್ ಇದ್ದ. ಆದರೆ ಮಂಡಳಿ ಹೊರಗಿನವನಾದ ಹ್ಯಾಂಪ್ಟನ್ನಿನ ರಾಬರ್ಟ್ ರಸ್ಸಾ ಮೋಟನ್ ಎಂಬವನನ್ನು ಆರಿಸಿತು. ದೇಶದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ರೋಸೆನ್‌ವಾಲ್ಡ್ ಇಬ್ಬರೂ ಆಗ ಆ ಮಂಡಳಿಯಲ್ಲಿದ್ದರು. ಸ್ಕಾಟನಿಗೆ ನೋವಾಗಿರಬೇಕು. ಆಯ್ಕೆ ಕೆಟ್ಟದ್ದಾಗಲಿಲ್ಲ. 1923ರಲ್ಲಿ ಟಸ್ಕೀಗಿಯಲ್ಲಿ ಕಪ್ಪು ಯೋಧರಿಗಾಗಿ ಆಸ್ಪತ್ರೆ ಆರಂಭವಾದಾಗ ವೈದ್ಯರೂ ಕಪ್ಪು ಜನರೇ ಆಗಬೇಕೆಂದು ಮೋಟನ್ ಹಿಡಿದ. ಕು ಕ್ಲಕ್ಸ್ ಕ್ಲಾನ್ ಎಂಬ ಹಿಂಸಾವಾದಿಗಳ ದಂಡು ಮುಸುಕು ಹಾಕಿಕೊಂಡು ಊರಲ್ಲಿ ಮೆರವಣಿಗೆ ಬಂತು. ಮೋಟನ್ ಅಲುಗಲಿಲ್ಲ, ಕೊನೆಗೆ ಅವನ ಮಾತೇ ನಡೆಯಿತು. ಅವನ ಕಾಲದಲ್ಲಿಯೇ, 1920ರ ದಶಕದಲ್ಲಿ, ಕಸಬಿನ ವಿದ್ಯಾಲಯವಾಗಿದ್ದ ಟಸ್ಕೀಗಿಯಲ್ಲಿ ಪದವಿ ತರಗತಿಗಳು ಬಂದವು. 1985ರಲ್ಲಿ ಅದು ವಿಶ್ವವಿದ್ಯಾಲಯವೆನಿಸಿತು.

ಪದವಿ ತರಗತಿಗಳ ಹಿಂದೆ ಒಂದು ದೊಡ್ಡ ವಾದವಿತ್ತು. ಡಬ್ಲ್ಯು. ಇ. ಬಿ. ಡು ಬಾಯ್ಸ್ ಎಂಬ ಕಪ್ಪು ವಿದ್ವಾಂಸ 1903ರಲ್ಲಿಯೇ ವಾಷಿಂಗ್ಟನ್ನನ ದಾರಿಯನ್ನು ಖಂಡಿಸಿ ಬರೆದಿದ್ದ. ಬರಿಯ ಕಸಬು ಕಲಿಸಿ ಮತದ ಹಕ್ಕು, ಉನ್ನತ ವಿದ್ಯೆ ಕೇಳದೆ ಸುಮ್ಮನಿದ್ದರೆ ಜನಾಂಗ ಮೇಲೇಳುವುದಿಲ್ಲ ಎಂದು ಅವನ ವಾದ. ನಮಗೆ ಈ ವಿಷಯದಲ್ಲಿ ಡು ಬಾಯ್ಸನ ಮಾತು ಅರ್ಧಕ್ಕಿಂತ ಹೆಚ್ಚು ಸರಿ ಎನಿಸುತ್ತದೆ. ಕಾಯಕ ದೊಡ್ಡದು, ಆದರೆ ಒಬ್ಬರಿಗೆ ಇಟ್ಟಿಗೆ, ಇನ್ನೊಬ್ಬರಿಗೆ ಶಾಸ್ತ್ರ ಎಂದು ಹುಟ್ಟಿನಿಂದ ಹಂಚುವುದಾದರೆ ಅದು ಕಾಯಕವಾಗದು. ರೋಸೆನ್‌ವಾಲ್ಡ್ ವಾಷಿಂಗ್ಟನ್ನನ ಪಕ್ಷದವನು. ಹಾಗಿದ್ದೂ ಅವನ ನಿಧಿಯಿಂದ ಮುಂದೆ ವಿದ್ಯಾವೇತನ ಪಡೆದವರಲ್ಲಿ ಡು ಬಾಯ್ಸನೂ ಒಬ್ಬ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ಗಾಯಕಿ ಮೇರಿಯನ್ ಆಂಡರ್ಸನ್, ವೈದ್ಯ ಚಾರ್ಲ್ಸ್ ಡ್ರೂ ಇವರೂ ಪಡೆದರು. ಎದುರು ಪಕ್ಷದವನ ಹೆಸರನ್ನು ಪಟ್ಟಿಯಿಂದ ಹೊಡೆಯದೆ ಇರುವುದು ಸಂಸ್ಥೆಗಳಲ್ಲಿ ಎಷ್ಟು ಕಷ್ಟವೆಂಬುದನ್ನು ಅನುಭವವಿದ್ದವರು ಬಲ್ಲರು.

ಧರ್ಮದರ್ಶಿಯ ಕಠಿಣವಾದ ಕೆಲಸ ಒಂದುಂಟು, ತನ್ನ ಪ್ರೀತಿಯ ಸಂಸ್ಥೆಗೇ ಇಲ್ಲವೆನ್ನುವುದು. ಹಳ್ಳಿ ಶಾಲೆಗಳ ಯೋಜನೆಯನ್ನು ಮೊದಲು ಟಸ್ಕೀಗಿಯೇ ನಡೆಸುತ್ತಿತ್ತು. ಶಾಲೆ ನೂರಾರಾದಾಗ ಕೈಗೆ ಮೀರಿತು. ಲೆಕ್ಕ ತಡವಾಗತೊಡಗಿತು, ಕೆಲವು ಕಟ್ಟಡಗಳಲ್ಲಿ ದೋಷ ಕಂಡವು. ರೋಸೆನ್‌ವಾಲ್ಡ್ ಶಾಲಾ ಕಟ್ಟಡದ ಪರಿಣತರೊಬ್ಬರನ್ನು ಕಳಿಸಿ ಪರೀಕ್ಷೆ ಮಾಡಿಸಿದ. ವರದಿ ಹಿತವಾಗಿರಲಿಲ್ಲ. 1920ರಲ್ಲಿ ಆ ಕೆಲಸವನ್ನು ಟಸ್ಕೀಗಿಯಿಂದ ತೆಗೆದು ನ್ಯಾಷ್‌ವಿಲ್ ಎಂಬ ಪಟ್ಟಣದಲ್ಲಿ ಬೇರೆ ಕಚೇರಿ ತೆರೆದ. ಟಸ್ಕೀಗಿಯವರಿಗೆ ಅದು ಅವಮಾನವೆನಿಸಿದ್ದರೆ ಆಶ್ಚರ್ಯವಿಲ್ಲ. ಕಪ್ಪು ಜನರೇ ಹುಟ್ಟಿಸಿದ ಯೋಜನೆ ಬಿಳಿಯ ಅಧಿಕಾರಿಯ ಕೈಗೆ ಹೋಯಿತಲ್ಲ ಎಂಬ ಮಾತಿನಲ್ಲಿಯೂ ಹುರುಳಿದೆ. ಅಷ್ಟಾಗಿಯೂ ಅವನು ಧರ್ಮದರ್ಶಿ ಸ್ಥಾನ ಬಿಡಲಿಲ್ಲ, ಟಸ್ಕೀಗಿಯವರೂ ಅವನನ್ನು ಬಿಡಲಿಲ್ಲ. ಲೆಕ್ಕ ಕೇಳಿದ್ದಕ್ಕೆ ಸಂಬಂಧ ಮುರಿಯಬೇಕಾಗಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

ಇನ್ನೊಂದು ಸಂಗತಿ ನಮ್ಮಂಥ ಮಠದವರಿಗೆ ಚುಚ್ಚುವಂಥದು. ನಮ್ಮ ನಾಡಿನ ಶಿಲಾಶಾಸನಗಳಲ್ಲಿ ಏನಿರುತ್ತದೆ? ಮೇಲೆ ಸೂರ್ಯ, ಚಂದ್ರ. ಈ ದತ್ತಿ ಆಚಂದ್ರಾರ್ಕವಾಗಿ ನಡೆಯಲಿ ಎಂಬ ಮಾತು. ಕೆಳಗೆ ಅಳಿದವರಿಗೆ ಶಾಪ. ರೋಸೆನ್‌ವಾಲ್ಡ್ ಇದಕ್ಕೆ ತೀರ ವಿರುದ್ಧ. ಶಾಶ್ವತ ದತ್ತಿ ಬೇಡವೆಂದ. 1929ರಲ್ಲಿ ಒಂದು ಪ್ರಸಿದ್ಧ ಮಾಸಪತ್ರಿಕೆಯಲ್ಲಿ ಲೇಖನ ಬರೆದು, ಮುಂದಿನ ಕಾಲದ ಅಗತ್ಯಗಳನ್ನು ಮುಂದಿನ ಕಾಲದವರೇ ನೋಡಿಕೊಳ್ಳುತ್ತಾರೆ, ಸತ್ತವನ ಕೈ ಬದುಕಿದವರ ಮೇಲೆ ಇರಬಾರದು ಎಂಬ ಅಭಿಪ್ರಾಯ ಹೇಳಿದ. 1917ರಲ್ಲಿ ತಾನು ಸ್ಥಾಪಿಸಿದ ನಿಧಿಗೆ ಹಾಗೆಯೇ ಕರಾರು ಬರೆದ: ತಾನು ಸತ್ತ 25 ವರ್ಷದೊಳಗೆ ಬಡ್ಡಿಯಷ್ಟೇ ಅಲ್ಲ, ಅಸಲೂ ಖರ್ಚಾಗಿ ನಿಧಿ ಮುಚ್ಚಬೇಕು. ಷಿಕಾಗೋದಲ್ಲಿ ತಾನು ಕಟ್ಟಿಸಿದ ವಿಜ್ಞಾನದ ವಸ್ತುಸಂಗ್ರಹಾಲಯಕ್ಕೆ ತನ್ನ ಹೆಸರಿಟ್ಟಾಗ ಬೇಡವೆಂದು ತೆಗೆಸಿದ. 2024ರಲ್ಲಿ ಅದಕ್ಕೆ ಮತ್ತೊಬ್ಬ ದಾನಿಯ ಹೆಸರು ಬಂತು. ರಾಟೆ ಕಿರ್ರೆನ್ನುವುದು ಎಲ್ಲ ದೇಶದಲ್ಲಿಯೂ ಉಂಟು.

ಈ ವಿಷಯದಲ್ಲಿ ನಾವು ಅವನನ್ನು ಪೂರ್ತಿ ಒಪ್ಪಲಾರೆವು. ಅನ್ನದಾಸೋಹಕ್ಕೆ 25 ವರ್ಷದ ಗಡುವು ಹಾಕಲು ಬರುವುದಿಲ್ಲ. ಹಸಿವು ಪ್ರತಿ ಮಧ್ಯಾಹ್ನ ಹೊಸದಾಗಿ ಹುಟ್ಟುತ್ತದೆ. ಕೊಡುವುದನ್ನು ನಿಲ್ಲಿಸಿದರೆ ಏನಾಗಬಹುದು ಎಂಬುದಕ್ಕೆ ಟಸ್ಕೀಗಿಯ ಊರಿನಲ್ಲಿಯೇ ಭಯಂಕರವಾದ ಸಾಕ್ಷಿ ಇದೆ. 1929ರ ಸುಮಾರಿಗೆ ಈ ನಿಧಿಯ ಹಣದಿಂದ ದಕ್ಷಿಣದ ಕೆಲವು ಜಿಲ್ಲೆಗಳಲ್ಲಿ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡುವ ಕೆಲಸ ಆರಂಭವಾಗಿತ್ತು. ಟಸ್ಕೀಗಿ ಇರುವ ಮೇಕನ್ ಜಿಲ್ಲೆಯೂ ಅದರಲ್ಲಿತ್ತು. ಅಷ್ಟರಲ್ಲಿ ಷೇರುಪೇಟೆ ಕುಸಿಯಿತು, ನಿಧಿಯ ಬೆಲೆ ಇಳಿಯಿತು, ಚಿಕಿತ್ಸೆಯ ಹಣ ನಿಂತಿತು. ರೋಸೆನ್‌ವಾಲ್ಡ್ 1932ರ ಜನವರಿ 6ರಂದು ತೀರಿಕೊಂಡ. ಆ ವರ್ಷವೇ ಸರಕಾರದ ಆರೋಗ್ಯ ಇಲಾಖೆಯವರು ಅದೇ ಜಿಲ್ಲೆಯ ಬಡ ಕಪ್ಪು ರೈತರಲ್ಲಿ ರೋಗವುಳ್ಳ 399 ಜನರನ್ನೂ ರೋಗವಿಲ್ಲದ 201 ಜನರನ್ನೂ ಇಟ್ಟುಕೊಂಡು, ಚಿಕಿತ್ಸೆ ಕೊಡದಿದ್ದರೆ ರೋಗ ಹೇಗೆ ಬೆಳೆಯುತ್ತದೆಂದು ನೋಡಲು ಕುಳಿತರು. ರೋಗಿಗಳಿಗೆ ನಿಜ ಹೇಳಲಿಲ್ಲ. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆಯುವ ತನಕ, ನಾಲ್ವತ್ತು ವರ್ಷ ನಡೆಯಿತು. 1997ರಲ್ಲಿ ದೇಶದ ಅಧ್ಯಕ್ಷರು ಕ್ಷಮೆ ಕೇಳಿದರು. ಆ ಕೆಲಸಕ್ಕೆ ಟಸ್ಕೀಗಿ ಸಂಸ್ಥೆಯ ಆಸ್ಪತ್ರೆಯೂ ಸಹಕಾರ ಕೊಟ್ಟಿತ್ತು. ಇಟ್ಟಿಗೆ ಸುಟ್ಟು ಕಟ್ಟಿದ ಆ ಪವಿತ್ರವಾದ ಜಾಗದಲ್ಲಿ ಇದೂ ನಡೆಯಿತು. ರೋಸೆನ್‌ವಾಲ್ಡನ ಮೇಲೆ ಇದರ ಹೊಣೆ ಹೊರಿಸುವುದು ನ್ಯಾಯವಲ್ಲ. ಅವನ ಹಣ ಬಂದದ್ದು ಔಷಧಕ್ಕೆ. ಆದರೆ ಇನ್ನು ನಾಲ್ಕು ವರ್ಷ ಆ ಔಷಧ ನಿಲ್ಲದೆ ಹೋಗಿದ್ದರೆ ಎಂಬ ಯೋಚನೆ ನಮ್ಮನ್ನು ಬಿಟ್ಟಿಲ್ಲ.

ನಿಧಿಯ ಹಣ ಮತ್ತೊಮ್ಮೆ ಟಸ್ಕೀಗಿಗೆ ಬಂದದ್ದು 1941ರಲ್ಲಿ. ಕಪ್ಪು ತರುಣರಿಗೆ ವಿಮಾನ ಹಾರಿಸಲು ಬಾರದು ಎಂದು ಸೈನ್ಯದವರು ಹೇಳುತ್ತಿದ್ದ ಕಾಲ. ಟಸ್ಕೀಗಿಯಲ್ಲಿ ವೈಮಾನಿಕ ಶಿಕ್ಷಣ ಆರಂಭವಾಗಿತ್ತು, ಮೈದಾನ ಬೇಕಾಗಿತ್ತು. ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಆಗ ಈ ನಿಧಿಯ ಧರ್ಮದರ್ಶಿ. ಆ ತಾಯಿ ಟಸ್ಕೀಗಿಗೆ ಬಂದು, ಕಾವಲಿನವರು ಬೇಡವೆಂದರೂ ಕೇಳದೆ, ಕಪ್ಪು ವೈಮಾನಿಕನ ಹಿಂದೆ ಕುಳಿತು ಆಕಾಶದಲ್ಲಿ ಒಂದು ಸುತ್ತು ಹೋಗಿ ಬಂದರು. ನಿಧಿಯಿಂದ 1,75,000 ಡಾಲರ್ ಸಾಲ ದೊರೆಯಿತು. ಮೈದಾನಕ್ಕೆ ಮೋಟನ್ನನ ಹೆಸರಿಟ್ಟರು. ಅಲ್ಲಿ ಕಲಿತವರು ಎರಡನೆಯ ಮಹಾಯುದ್ಧದಲ್ಲಿ ಹಾರಿದರು. ಕಡೆಗೆ 1948ರಲ್ಲಿ, ಗಡುವಿಗೆ ಒಂಬತ್ತು ವರ್ಷ ಮೊದಲೇ, ಕೊಡುವುದನ್ನೆಲ್ಲ ಕೊಟ್ಟು ನಿಧಿ ಬಾಗಿಲು ಮುಚ್ಚಿತು. ಆರು ವರ್ಷದ ಮೇಲೆ, 1954ರಲ್ಲಿ, ಬಿಳಿಯರಿಗೆ ಬೇರೆ, ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇರಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆ ಐದು ಸಾವಿರ ಶಾಲೆಗಳಲ್ಲಿ ಬಹಳಷ್ಟು ಮೆಲ್ಲಮೆಲ್ಲಗೆ ಮುಚ್ಚಿದವು. ಕೆಲವು ಬಿದ್ದುಹೋದವು, ಕೆಲವನ್ನು ಹಳೆಯ ವಿದ್ಯಾರ್ಥಿಗಳು ಮುದುಕರಾದ ಮೇಲೆ ಬಂದು ಸುಣ್ಣಬಣ್ಣ ಮಾಡಿ ಉಳಿಸಿಕೊಂಡರು.

ಅಮಾವಾಸ್ಯೆಯಂದು ಪ್ರಶ್ನೆ ಕೇಳಿದ ಭಕ್ತರು ಅಲ್ಲಿ ಕಂಬದ ಪಕ್ಕದಲ್ಲಿ ಕುಳಿತಿದ್ದಾರೆ. ಅವರ ಮಂಡಳಿಯ ಸಭೆ ಬರುವ ಸೋಮವಾರವಂತೆ. ಸಭೆಗೆ ಮುಂಚೆ ಒಂದು ದಿನ ಶಾಲೆಗೆ ಹೋಗಿ, ಮಕ್ಕಳು ನೀರು ಎಲ್ಲಿ ಕುಡಿಯುತ್ತಾರೆಂದು ನೋಡಿಕೊಂಡು ಬನ್ನಿ ಎಂದು ಅವರಿಗೆ ಹೇಳಿದ್ದೇವೆ. ಪ್ರಸಾದದ ಗಂಟೆ ಆಯಿತು. ಎಲ್ಲರೂ ಏಳಿರಿ, ಶರಣು.